ಹಗಲಿನಲ್ಲಿ ದೀಪವೇಕೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ರಸ್ತೆಗಳಲ್ಲಿ ಹಾಡಹಗಲೇ ದೀಪ ಉರಿಸಿಕೊಂಡು ಓಡುವ ಬೈಕುಗಳನ್ನು ನೀವು ನೋಡಿದ್ದೀರಿ. ಅದು ಸವಾರರ ಮರೆವಲ್ಲ. 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ದೀಪ ತಾನೇ ಹೊತ್ತಿಕೊಳ್ಳಬೇಕೆಂಬ ನಿಯಮ ಬಂದಿತು. ಅದು ಕಾರುಗಳಿಗೆ ಅನ್ವಯಿಸಲಿಲ್ಲ. ಅವುಗಳಿಗೂ ಬೇಕೇ? ಇತಿಹಾಸ ಏನು ಹೇಳುತ್ತದೆಂದು ನೋಡೋಣ.

ವಾಹನಕ್ಕೆ ದೀಪ ಬಂದದ್ದು ಚಾಲಕನಿಗೆ ದಾರಿ ಕಾಣಲೆಂದು. ವಾಹನವೂ ಇತರರಿಗೆ ಕಾಣಬೇಕೆಂಬ ವಿಚಾರ ಬಲವಾದದ್ದು ತರುವಾಯ. ಚಳಿಗಾಲದ ಹಗಲೂ ಮಬ್ಬಾಗಿರುವ ಸ್ವೀಡನ್ 1977ರಲ್ಲಿ ಹಗಲು ದೀಪವನ್ನು ಕಡ್ಡಾಯ ಮಾಡಿತು. ಕೆನಡಾ 1990ರಿಂದ ಹೊಸ ಕಾರುಗಳಿಗೆ, ಐರೋಪ್ಯ ಒಕ್ಕೂಟ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಅದನ್ನು ವಿಧಿಸಿದವು. ಆದರೆ ಆಸ್ಟ್ರಿಯ 2005ರಲ್ಲಿ ತಂದ ನಿಯಮವನ್ನು 2008ರಲ್ಲಿ ಕೈಬಿಟ್ಟಿತು. ಕಾರುಗಳ ಬೆಳಕಿನ ನಡುವೆ ಪಾದಚಾರಿಗಳು, ಸೈಕಲ್ ಸವಾರರು ಕಣ್ಣಿಗೆ ಬೀಳದೆ ಹೋಗುವರೆಂಬ ಆತಂಕ ಅಲ್ಲಿ ಎದ್ದಿತ್ತು.

ಈ ಆತಂಕ ನಮಗೂ ಸಲ್ಲುತ್ತದೆ. ನಮ್ಮ ರಸ್ತೆಗಳಲ್ಲಿ ಕಾರಿನ ಜೊತೆಗೆ ಚಕ್ಕಡಿ, ಟ್ರ್ಯಾಕ್ಟರ್, ಶಾಲೆಗೆ ನಡೆದು ಹೋಗುವ ಮಕ್ಕಳೂ ಇರುತ್ತಾರೆ. ಸುಡುಬಿಸಿಲಿನಲ್ಲಿ ಹಗಲು ದೀಪದ ಲಾಭ ಕಡಿಮೆ. ಆದರೆ ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲ, ಹಿರೇಕೆರೂರುಗಳ ಆಷಾಢದ ಜಡಿಮಳೆಯಲ್ಲಿ ಅದು ಜೀವ ಉಳಿಸಬಲ್ಲದು. ಸಾಕಷ್ಟು ಬೆಳಕಿಲ್ಲದಾಗ ಹಗಲಾದರೂ ದೀಪ ಉರಿಸಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ.

ಆದ್ದರಿಂದ ಹೊಸ ಕಾರುಗಳಿಗೆ ಹಗಲು ದೀಪ ಕಡ್ಡಾಯವಾಗಲಿ. ಜೊತೆಜೊತೆಗೇ ಚಕ್ಕಡಿ, ಸೈಕಲ್, ಟ್ರೇಲರ್‌ಗಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸುವ ಕೆಲಸವೂ ನಡೆಯಲಿ. ನಿಮ್ಮೂರಿನ ರಸ್ತೆಯಲ್ಲಿ ದೀಪವಿಲ್ಲದೆ ಓಡಾಡುವವರು ಯಾರು ಯಾರೆಂದು ಒಂದು ಮಳೆಯ ದಿನ ಎಣಿಸಿ ನೋಡಿ. ಆಮೇಲೆ ತರಗತಿಯಲ್ಲಿ ಚರ್ಚಿಸಿ.