ಪಕ್ಕವಾದ್ಯಗಳು ಮುಂದೆ ಬಂದ ತಟ್ಟೆ

1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಗಾಗಿ 'ಜ್ಯೋತಿ' ಎಂಬ ಗಾನತಟ್ಟೆ ಧ್ವನಿಮುದ್ರಣವಾಯಿತು. ಅದರ ಮೇಲಿರುವುದು ಎರಡು ಹೆಸರು: ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಜಾಝ್ ಕೇಳಲೆಂದು ಕೊಂಡವರಿಗೆ ಮೊದಲು ಎದುರಾಗುವುದು ಸ್ಯಾಕ್ಸೊಫೋನ್ ಅಲ್ಲ, ಆರ್.ಎ. ರಮಾಮಣಿಯವರ ಕಂಠ. ಆ ಮೊದಲ ಭಾಗದ ಹೆಸರೇ 'ವಾಯ್ಸ್ ಸೋಲೊ'.

ಮೇಳದಲ್ಲಿ ಒಟ್ಟು ಐದೇ ಜನ. ಮೃದಂಗಕ್ಕೆ 1964ರಲ್ಲಿ ಈ ಕಾಲೇಜನ್ನು ಕಟ್ಟಿದ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಚಿಂಗಿಗೆ ಆರ್.ಎ. ರಾಜಗೋಪಾಲ್, ಖಂಜೀರಕ್ಕೆ ಟಿ.ಎನ್. ಶಶಿಕುಮಾರ್. ನಮ್ಮ ಕಛೇರಿಯ ಲೆಕ್ಕದಲ್ಲಿ ಇವರೆಲ್ಲ ಪಕ್ಕವಾದ್ಯದವರು. ಖಂಜೀರ, ಮೋರ್ಚಿಂಗುಗಳಂತೂ ಉಪಪಕ್ಕವಾದ್ಯ, ಅಂದರೆ ಪಕ್ಕಕ್ಕೂ ಪಕ್ಕ! ಭಜನೆಯ ಗುಂಪಿನಲ್ಲಿದ್ದ ಖಂಜೀರವನ್ನು ಕಛೇರಿಗೆ ತಂದ ಕೀರ್ತಿ ಮಾನ್‌ಪೂಂಡಿಯಾ ಪಿಳ್ಳೈ ಅವರದು. ಮೋರ್ಚಿಂಗಿನ ನಂಟರು ರಾಜಸ್ಥಾನದಿಂದ ಸೈಬೀರಿಯಾದವರೆಗೂ ಜನಪದರ ಬಾಯಲ್ಲಿದ್ದಾರೆ.

ಹಾಗಾದರೆ ಜಾಝ್ ವಾದಕನೊಬ್ಬ ಇವರೊಡನೆ ಹೇಗೆ ಮಾತಾಡಿದ? ರಾಗಕ್ಕಿಂತ ಹೆಚ್ಚಾಗಿ ಲೆಕ್ಕ ಇಲ್ಲಿ ಸೇತುವೆಯಾಯಿತು ಎಂದು ನನಗನಿಸುತ್ತದೆ. ಆದಿತಾಳದ ಎಂಟು ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಒಡೆದರೆ 32 ಮಾತ್ರೆ. ಐದು ಮಾತ್ರೆಯ 'ತದಿಗಿಣತೊಂ' ಎಂಬ ಸೊಲ್ಲನ್ನು ಮೂರು ಸಲ ಹೇಳಿ, ನಡುವೆ ಎರಡೆರಡು ಮಾತ್ರೆ ಬಿಟ್ಟರೆ 19 ಆಗುತ್ತದೆ. 13 ಮಾತ್ರೆ ಕಳೆದ ಮೇಲೆ ಶುರುಮಾಡಿದವರು ಸರಿಯಾಗಿ ಸಮಕ್ಕೆ ಬಂದು ನಿಲ್ಲುತ್ತಾರೆ. ಇದೇ ಮುಕ್ತಾಯ. ಇದನ್ನು ಕಲಿಯಲು ವಾದ್ಯವೂ ಬೇಡ, ಲಿಪಿಯೂ ಬೇಡ. ಬಾಯಿ ಮತ್ತು ಕೈ ಸಾಕು. ಈ ಬಾಯಿಲೆಕ್ಕವನ್ನೇ ಕಲೆಯಾಗಿಸಿದ್ದು ಕೊನ್ನಕ್ಕೋಲ್. ನಮ್ಮಲ್ಲಿ ಅಂಚಿಗೆ ಸರಿಯುತ್ತಿದ್ದ ಈ ಕಲೆಗೆ ಯೂರೋಪಿನ ತಾಳವಾದ್ಯ ಕಲಿಯುವವರು ಮುಗಿಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮರಿಯಾನೊ ಬರಿಗೈಯಲ್ಲಿ ಬಂದವರೇನಲ್ಲ. 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಕೆಲಸಕ್ಕಿದ್ದಾಗ ನಾಗಸ್ವರ ಕೇಳಿ, ಅದರ ಬೆನ್ನು ಹತ್ತಿ ಕಲಿತಿದ್ದರು. ಇತ್ತ ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಿದ್ವಾಂಸರೊಬ್ಬರ ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾಗಿ ಕದ್ರಿ ಗೋಪಾಲನಾಥರಾದರು. ಬಾಸ್ಟನ್ನಿನವನಿಗೆ ನಾಗಸ್ವರ, ಸಜೀಪದವರಿಗೆ ಸ್ಯಾಕ್ಸೊಫೋನ್! ಇಂಥ ಅದಲುಬದಲನ್ನು 'ಫ್ಯೂಷನ್' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಸೋಮಾರಿತನ.

ಆ ಪದದಿಂದ ಆದ ನಷ್ಟ ರಮಾಮಣಿಯವರ ವಿಷಯದಲ್ಲಿ ಎದ್ದು ಕಾಣುತ್ತದೆ. ಅವರು ಬರೀ ಗಾಯಕಿಯಲ್ಲ, 'ಜ್ಯೋತಿ'ಯಲ್ಲಿರುವ ರಚನೆಗಳ ಕರ್ತೃ ಕೂಡ. ಸಾಹಿತ್ಯವಿಲ್ಲದೆ ಸ್ವರ, ಸೊಲ್ಲುಗಳನ್ನೇ ಹಾಡಾಗಿಸುವ ಸಂಯೋಜಕಿಯನ್ನು ವಾಗ್ಗೇಯಕಾರರ ಪಟ್ಟಿಯಲ್ಲಿ ಎಲ್ಲಿ ಇಡುವುದು? ವಾಕ್ಕು ಎಲ್ಲಿದೆ ಎಂದು ಕೇಳುವವರಿದ್ದಾರೆ. ಜಾಝ್ ಚರಿತ್ರೆಕಾರರಿಗೆ ಅದು ಮರಿಯಾನೊ ಅವರ ತಟ್ಟೆಗಳಲ್ಲೊಂದು; ಕರ್ನಾಟಕ ಸಂಗೀತದ ಚರಿತ್ರೆಕಾರರಿಗೆ ಅದು ಜಾಝ್.

ಮರಿಯಾನೊ 2009ರಲ್ಲಿ ತೀರಿಕೊಂಡರು, ಮಣಿಯವರು 2020ರಲ್ಲಿ. ತಟ್ಟೆ ಈಗಲೂ ಕೇಳಲು ಸಿಗುತ್ತದೆ. ಕೇಳುವಾಗ ಒಮ್ಮೆ ತೊಡೆಯ ಮೇಲೆ ತಾಳ ಹಾಕಿ ನೋಡಿ, ಸ್ಯಾಕ್ಸೊಫೋನ್ ಯಾರ ಪಕ್ಕಕ್ಕೆ ಕೂತಿದೆ ಎಂಬುದು ಕಿವಿಗೆ ಬೀಳುತ್ತದೆ.