ಅಕ್ಷರರೂಪಗಳ ಸ್ವಯಂ ಬದಲಿಕೆ (ಕನ್ನಡ ಮುದ್ರಣ)

ಅಕ್ಷರ ಜೋಡಣೆಯ ತಂತ್ರಾಂಶವು, ಟೈಪಿಸಿದ ಸಂಕೇತಗಳ ಸಾಲನ್ನು ನಿಯಮಕ್ಕನುಗುಣವಾಗಿ ತಾನೇ ಬೇರೆ ರೂಪಕ್ಕೆ ಬದಲಿಸುವ ವಿಧಾನ. ಕನ್ನಡದಂಥ ಸಂಯುಕ್ತಾಕ್ಷರಗಳ ಲಿಪಿಗೆ ಇದು ಅನಿವಾರ್ಯ.

ಕಾರ್ಯವಿಧಾನ: ಯೂನಿಕೋಡ್‌ನಲ್ಲಿ ‘ಅಮಾಸೆಬೈಲು’, ‘ಬ್ರಹ್ಮಾವರ’ ಎರಡಕ್ಕೂ ತಲಾ 9 ಸಂಕೇತಗಳು. ಮೊದಲನೆಯದರಲ್ಲಿ ಒತ್ತಕ್ಷರವಿಲ್ಲ, ಆದರೂ ‘ಸೆ’ ಮೂಡಲು ‘ಸ’ದ ತಲೆಕಟ್ಟು ಹೋಗಿ ಎತ್ವ ಬರಬೇಕು. ಎರಡನೆಯದರಲ್ಲಿ ಹ, ಹಲಂತ ಚಿಹ್ನೆ (್), ಮ ಸೇರಿ ‘ಹ್ಮ’ ಆಗುತ್ತದೆ. ಈ ನಿಯಮಗಳು ಓಪನ್‌ಟೈಪ್ ಫಾಂಟಿನ ಬದಲಿಕೆ ಕೋಷ್ಟಕದಲ್ಲಿರುತ್ತವೆ. ಸಂಗ್ರಹವಾದ ಪಠ್ಯ ಹಾಗೆಯೇ ಉಳಿದು, ಕಾಣುವ ರೂಪ ಮಾತ್ರ ಬದಲಾಗುತ್ತದೆ.

ಅರ್ಕಾವೊತ್ತು: ‘ಅರ್ಕ’ದಲ್ಲಿ ಮೊದಲು ಉಚ್ಚರಿಸುವ ರಕಾರ ಬರಹದಲ್ಲಿ ‘ಕ’ದ ನಂತರ ಬರುತ್ತದೆ, ಇಲ್ಲಿ ಬದಲಿಕೆಯೊಂದಿಗೆ ಸ್ಥಾನಪಲ್ಲಟವೂ ಆಗುತ್ತದೆ.

ತಡೆ: ‘ಸಾಫ್ಟ್‌ವೇರ್’ನಲ್ಲಿ ‘ಟ’ಕ್ಕೆ ವಕಾರದ ಒತ್ತು ಬೀಳದಂತೆ ಅಗಲವಿಲ್ಲದ, ಕಣ್ಣಿಗೆ ಕಾಣದ ವಿಯೋಜಕ ಸಂಕೇತವನ್ನು ಬಳಸುತ್ತಾರೆ.

ಹಿನ್ನೆಲೆ: ಅಚ್ಚುಮೊಳೆಗಳ ಕಾಲದಲ್ಲಿ ಅಕ್ಷರರೂಪದ ಆಯ್ಕೆ ಮೊಳೆ ಜೋಡಿಸುವವರ ಕೈಯಲ್ಲಿತ್ತು. ಮುಂದೆ ಗಣಕದಲ್ಲಿ ಟೈಪಿಸಲು, ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಉಚ್ಚಾರಣೆಯ ಕ್ರಮದಲ್ಲೇ ಟೈಪಿಸುವ ಕೀಲಿಮಣೆ ವಿನ್ಯಾಸ ರೂಪಿಸಿದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ವಿನ್ಯಾಸಕ್ಕೆ ಅದೇ ಆಧಾರ.

ಪರಿವರ್ತನೆ: ಯೂನಿಕೋಡ್‌ಪೂರ್ವ ಫಾಂಟುಗಳ ಕಡತಗಳಲ್ಲಿರುವುದು ಅಕ್ಷರದ ತುಣುಕುಗಳು. ಅವನ್ನು ಯೂನಿಕೋಡ್‌ಗೆ ತರುವಾಗ ಉದ್ದದ ತುಣುಕುಸರಣಿಗಳನ್ನು ಮೊದಲು ಬದಲಿಸಬೇಕು. ಇಲ್ಲವಾದರೆ ಅಕ್ಷರಗಳು ಕೆಡುತ್ತವೆ. ಹಳೆಯ ಕನ್ನಡ ಕಡತಗಳು ಹುಡುಕಾಟಕ್ಕೆ ಸಿಗುವಂತಾಗಲು ಈ ಎಚ್ಚರ ಅತ್ಯಗತ್ಯ.