ವಾದ್ಯದೊಳಗಿನ ಬೂಷ್ಟು

ರೋಗಿಯನ್ನು ನೋಡಲು ಬಂದ ವೈದ್ಯ ಏನೇನು ಕೇಳಬೇಕೆಂಬ ಪಟ್ಟಿ ಯುರೋಪಿನಲ್ಲಿ ಹಿಪೊಕ್ರೆಟಿಸ್‌ನ ಕಾಲದಿಂದಲೂ ಇತ್ತು. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದ: ನಿಮ್ಮ ಕಸುಬು ಯಾವುದು? ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ಗಣಿಯವರು, ಕುಂಬಾರರು, ಧಾನ್ಯ ಜರಡಿ ಹಿಡಿಯುವವರು ಬರುತ್ತಾರೆ. ಹಾಡುಗಾರರೂ ಬರುತ್ತಾರೆ, ಆದರೆ ಅಲ್ಲಿ ಅವನು ಕಂಡದ್ದು ಉಸಿರಿನ ಮೇಲೆ ಬೀಳುವ ಶ್ರಮವನ್ನು. ಊದುವ ವಾದ್ಯದ ಒಳಗೇ ಅಪಾಯ ಬೆಳೆಯಬಹುದೆಂದು ತಿಳಿಯಲು ಮೂರು ಶತಮಾನ ಬೇಕಾಯಿತು.

ದಾರಿ ತೋರಿಸಿದವರು ರೈತರು. 1932ರಲ್ಲಿ ಇಂಗ್ಲೆಂಡಿನ ವೈದ್ಯ ಜೆ. ಎಂ. ಕ್ಯಾಂಬೆಲ್, ಬೂಷ್ಟು ಹಿಡಿದ ಒಣಹುಲ್ಲಿನ ದೂಳು ಕುಡಿದು ಉಸಿರು ಕಟ್ಟಿದ ರೈತರ ಬಗ್ಗೆ ಬರೆದ. ಇದು ಸೋಂಕಲ್ಲ. ಒಳಹೊಕ್ಕ ಕಣಗಳ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯೇ ಕೆರಳಿ ಶ್ವಾಸಕೋಶ ಊದಿಕೊಳ್ಳುತ್ತದೆ. ಮತ್ತೆ ಮತ್ತೆ ಹೀಗಾದರೆ ಅಲ್ಲಿ ಕಲೆಗಟ್ಟುತ್ತದೆ. ಆ ಕಲೆ ಮತ್ತೆ ಮಾಯುವುದಿಲ್ಲ. ಪಾರಿವಾಳ ಸಾಕುವವರಲ್ಲೂ ಇದೇ ಕಾಯಿಲೆ ಮುಂದೆ ಕಾಣಿಸಿತು.

2010ರಲ್ಲಿ ಅಮೆರಿಕದ ವೈದ್ಯರು ಟ್ರಾಂಬೋನ್ ವಾದಕನೊಬ್ಬನ ವಿಚಾರ ಪ್ರಕಟಿಸಿದರು. ಹದಿನೈದು ವರ್ಷದ ಕೆಮ್ಮು ಅವನದು. ಎರಡು ವಾರ ವಾದ್ಯ ಮುಟ್ಟದಿದ್ದಾಗ ಕೆಮ್ಮು ತಗ್ಗಿತು. ಕೊಳವೆಯೊಳಗಿನ ಕಸ ಕೆರೆದು ನೋಡಿದರೆ ಬೂಷ್ಟು, ಬ್ಯಾಕ್ಟೀರಿಯಾ. ಆಲ್ಕೋಹಾಲ್ ಹಾಕಿ ವಾದ್ಯ ತೊಳೆಯತೊಡಗಿದ, ಕೆಮ್ಮು ನಿಂತಿತು.

ಇಂಗ್ಲೆಂಡಿನ ಬ್ಯಾಗ್‌ಪೈಪ್ ವಾದಕರೊಬ್ಬರಿಗೆ ಆ ಅದೃಷ್ಟವಿರಲಿಲ್ಲ. 2009ರಲ್ಲಿ ಕಾಯಿಲೆಯ ಹೆಸರು ಗೊತ್ತಾಯಿತು, ಕಾರಣ ಸಿಗಲಿಲ್ಲ. ಅವರು ಬೀಡಿ ಸಿಗರೇಟು ಸೇದಿದವರಲ್ಲ. ಮನೆಯಲ್ಲಿ ಪಾರಿವಾಳವಿಲ್ಲ, ತೇವದ ಗೋಡೆಯಿಲ್ಲ. ಬ್ಯಾಗ್‌ಪೈಪ್ ಮಾತ್ರ ದಿನವೂ ಊದುತ್ತಿದ್ದರು. ಅದು ಕಸುಬಲ್ಲ, ಹವ್ಯಾಸ. 2011ರಲ್ಲಿ ವಾದ್ಯವನ್ನು ಮನೆಯಲ್ಲೇ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾಕ್ಕೆ ಹೋದಾಗ ಉಸಿರು ಹಗುರಾಯಿತು, ಕಡಲತೀರದಲ್ಲಿ ಹತ್ತು ಕಿಲೋಮೀಟರ್ ನಡೆದಾಡಿದರು. ಹಿಂತಿರುಗಿದ ಮೇಲೆ ಮತ್ತೆ ಉಲ್ಬಣ. 2014ರಲ್ಲಿ ವೈದ್ಯರು ವಾದ್ಯದ ಚೀಲ, ಕೊಳವೆಗಳ ಒಳಗಿನ ತೇವವನ್ನು ಪರೀಕ್ಷೆಗೆ ಕಳಿಸಿದರು. ಹಲವು ಜಾತಿಯ ಬೂಷ್ಟು ಸಿಕ್ಕಿತು. ಅಷ್ಟರಲ್ಲಿ ಕಾಲ ಮೀರಿತ್ತು. ಆ ವರ್ಷವೇ, 61ನೆಯ ವಯಸ್ಸಿಗೆ, ಅವರು ತೀರಿಕೊಂಡರು. ವಾದ್ಯವೇ ಕಾರಣವಿರಬೇಕೆಂದು ವೈದ್ಯರು 2016ರಲ್ಲಿ ಬರೆದರು.

ಇಂಥ ಪ್ರಕರಣಗಳು ಬೆರಳೆಣಿಕೆಯವು. ಇದಕ್ಕೆ ಹೆದರಿ ಯಾರೂ ಕೊಳಲು, ಶೆಹನಾಯಿ, ಸ್ಯಾಕ್ಸಫೋನ್ ಕೆಳಗಿಡಬೇಕಿಲ್ಲ. ಊದಿದ ಉಸಿರಿನ ತೇವ, ಎಂಜಲು ಕೊಳವೆಯಲ್ಲಿ ಉಳಿಯುತ್ತವೆ. ಒದ್ದೆ ವಾದ್ಯವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನುಡಿಸಿದ ಮೇಲೆ ಒಳಗೆ ಒರೆಸಿ, ಗಾಳಿಗೆ ಆರಲು ಬಿಡುವುದು, ಬಾಯಿಗಿಡುವ ಭಾಗವನ್ನು ಆಗಾಗ ತೊಳೆಯುವುದು, ಒಬ್ಬರ ರೀಡನ್ನು ಇನ್ನೊಬ್ಬರು ಬಾಯಿಗಿಡದಿರುವುದು: ಇಷ್ಟು ಸಾಕಷ್ಟು ದೂರ ಕಾಯುತ್ತದೆ.

ರಾಮಝೀನಿಯ ಪ್ರಶ್ನೆ ಕಸುಬಿನ ಬಾಗಿಲಲ್ಲೇ ನಿಂತಿತ್ತು. ಸಂಜೆ ಮನೆಗೆ ಬಂದ ಮೇಲೆ ಮನುಷ್ಯ ಪ್ರೀತಿಯಿಂದ ಮಾಡುವ ಕೆಲಸ ಅದರೊಳಗೆ ಬರಲಿಲ್ಲ. ಹಾಗಾಗಿ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ವೈದ್ಯರು ಕೇಳಲಿ ಬಿಡಲಿ, ಊದುವವರು ತಾವೇ ಹೇಳಬೇಕು: ಡಾಕ್ಟ್ರೇ, ನಾನು ದಿನಾ ವಾದ್ಯ ಊದುತ್ತೇನೆ.